ಲಿಫ್ಟ್‌ಗೆ ‘ಸಿಇ ಇದೆ’ ಎಂದವರನ್ನು ಮೊದಲು ಕೇಳಬೇಕಾದದ್ದು

ನಮಸ್ಕಾರ ಮೇಡಂ. ಮೈಸೂರಿನಲ್ಲಿ ನೆಲಮಹಡಿಯ ಮೇಲೆ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೀರಿ, ಮಂಡಿನೋವಿನ ಅತ್ತೆಯವರಿಗಾಗಿ ಲಿಫ್ಟ್ ಹಾಕಿಸಬೇಕೆಂದಿದ್ದೀರಿ. ಮಾರಾಟಗಾರರು ‘ಇದು ಯುರೋಪಿನ ಸಿಇ ಮುದ್ರೆ ಇರುವ ಲಿಫ್ಟ್, ಹಾಗಾಗಿ ಸರ್ಕಾರದ ಪರವಾನಗಿ ಬೇಡ, ಪಿಟ್ಟೂ (ಲಿಫ್ಟಿನ ಅಡಿಯಲ್ಲಿ ತೋಡುವ ತಗ್ಗು) ಬೇಡ’ ಎಂದಿದ್ದಾರೆ. ನಂಬಬಹುದೇ ಎಂದು ಕೇಳಿದ್ದೀರಿ. ಲಿಫ್ಟ್ ಕೂರಿಸುವ ಮತ್ತು ಸರ್ವಿಸ್ ಮಾಡುವ ಕೆಲಸದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಪಿಟ್ ಬೇಡ ಎನ್ನುವುದು ಕೆಲವು ಮಾದರಿಗಳ ಮಟ್ಟಿಗೆ ನಿಜ. ಸಿಇ ಇದ್ದರೆ ಪರವಾನಗಿ ಬೇಡ ಎನ್ನುವುದನ್ನು ಮಾತ್ರ ಒಪ್ಪಬೇಡಿ.

ಸಿಇ ಎಂದರೆ ಯಂತ್ರ ಯುರೋಪಿನ ಕಾನೂನಿಗೆ ತಕ್ಕಂತಿದೆ ಎಂದು ಹೇಳುವ ಮುದ್ರೆ, ಆದರೆ ಅದು ಒಂದೇ ಕಾನೂನಿನ ಮುದ್ರೆಯಲ್ಲ. ಯುರೋಪಿನಲ್ಲಿ ಸೆಕೆಂಡಿಗೆ 0.15 ಮೀಟರಿಗಿಂತ ವೇಗವಾಗಿ ಚಲಿಸುವ ಪ್ರಯಾಣಿಕರ ಲಿಫ್ಟ್‌ಗಳು 2014/33 ಸಂಖ್ಯೆಯ ಲಿಫ್ಟ್ ನಿರ್ದೇಶನದ ಅಡಿಯಲ್ಲಿ ಬರುತ್ತವೆ. ಅದು 2016ರ ಏಪ್ರಿಲ್ 20ರಿಂದ ಜಾರಿಯಲ್ಲಿದೆ. ಆ ವೇಗವನ್ನು ಮೀರದವು, ಅಂದರೆ ಮನೆಗೆಂದು ಮಾರುವ ಬಹುಪಾಲು ಪ್ಲಾಟ್‌ಫಾರ್ಮ್ ಲಿಫ್ಟ್‌ಗಳು, 2006/42 ಸಂಖ್ಯೆಯ ಯಂತ್ರ ನಿರ್ದೇಶನಕ್ಕೆ ಸೇರುತ್ತವೆ. ಎರಡಕ್ಕೂ ಹಚ್ಚುವುದು ಅದೇ ಎರಡು ಅಕ್ಷರ. ಆದ್ದರಿಂದ ಅನುಸರಣೆಯ ಘೋಷಣಾ ಪತ್ರವನ್ನು (ಯಂತ್ರ ಕಾನೂನಿಗೆ ತಕ್ಕಂತಿದೆ ಎಂದು ಹೊಣೆ ಹೊತ್ತವರು ಬರೆದುಕೊಡುವ ಪತ್ರ) ಕೈಗೆ ತೆಗೆದುಕೊಂಡು, ಅದರಲ್ಲಿ ಯಾವ ನಿರ್ದೇಶನದ ಸಂಖ್ಯೆ ಇದೆ ಎಂದು ಮೊದಲು ನೋಡಿ. 2006/42 ಎಂದಿದ್ದರೆ ಅದು ಕೆಟ್ಟ ಯಂತ್ರ ಎಂದು ಅರ್ಥವಲ್ಲ. ನಿಧಾನಕ್ಕೆ ಚಲಿಸುವುದರಿಂದಲೇ ಅದಕ್ಕೆ ಕೆಲವೇ ಸೆಂಟಿಮೀಟರ್ ಆಳದ ಪಿಟ್ ಸಾಕಾಗುತ್ತದೆ. ಆದರೆ ಇಂಥ ಹಲವು ಮಾದರಿಗಳಲ್ಲಿ ಮಹಡಿ ಮುಟ್ಟುವವರೆಗೂ ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕು, ಬೆರಳು ತೆಗೆದರೆ ಲಿಫ್ಟ್ ನಿಲ್ಲುತ್ತದೆ. ಅತ್ತೆಯವರಿಗೆ ಮಂಡಿಯ ಜೊತೆಗೆ ಕೈಬೆರಳ ಗಂಟುಗಳೂ ನೋಯುತ್ತಿದ್ದರೆ ಅವರನ್ನೇ ಷೋರೂಮಿಗೆ ಕರೆದುಕೊಂಡು ಹೋಗಿ ಒಮ್ಮೆ ಒತ್ತಿಸಿ ನೋಡಿ.

ಇನ್ನು 2014/33ರ ಲಿಫ್ಟ್ ಎಂದು ಹೇಳಿದರೆ, ಕೇಳಬೇಕಾದದ್ದು ಇನ್ನೂ ಮುಖ್ಯವಾದ ವಿಷಯ. ಫ್ರಿಜ್ಜು ಕಾರ್ಖಾನೆಯಿಂದ ಹೊರಡುವಾಗಲೇ ಫ್ರಿಜ್ಜಾಗಿರುತ್ತದೆ, ಲಿಫ್ಟ್ ಹಾಗಲ್ಲ. ಪೆಟ್ಟಿಗೆಗಳಲ್ಲಿ ಬರುವುದು ರೈಲು, ರೋಪು, ಮೋಟಾರು, ಬಾಗಿಲು ಮಾತ್ರ. ಅವು ನಿಮ್ಮ ಮನೆಯ ಗೋಡೆಗಳ ನಡುವೆ ಜೋಡಣೆಯಾದ ಮೇಲಷ್ಟೇ ಅದು ಲಿಫ್ಟ್ ಎನಿಸಿಕೊಳ್ಳುತ್ತದೆ. ಯುರೋಪಿನ ಕಾನೂನು ಈ ಸಂಗತಿಯನ್ನು ಅರಿತೇ ಹೊಣೆಯನ್ನು ‘ಅಳವಡಿಸುವವರ’ ಮೇಲೆ ಹೊರಿಸಿದೆ. ವಿನ್ಯಾಸ, ತಯಾರಿಕೆ, ಜೋಡಣೆ ಮೂರಕ್ಕೂ ಹೊಣೆ ಹೊತ್ತವರೇ ಘೋಷಣಾ ಪತ್ರಕ್ಕೆ ಸಹಿ ಹಾಕಬೇಕು ಮತ್ತು ದಾಖಲೆಗಳನ್ನು ಹತ್ತು ವರ್ಷ ಇಟ್ಟುಕೊಳ್ಳಬೇಕು. ಮಾದರಿ ಲಿಫ್ಟನ್ನು ಅಧಿಸೂಚಿತ ಸಂಸ್ಥೆಯೊಂದು (ಇಂಥ ತಪಾಸಣೆಗೆಂದು ಅಲ್ಲಿ ಮಾನ್ಯತೆ ಪಡೆದ ಸಂಸ್ಥೆ) ಪರೀಕ್ಷಿಸಿದ್ದರೂ ಅದಷ್ಟೇ ಸಾಲದು; ಜೋಡಿಸಿದ ಲಿಫ್ಟಿನ ಅಂತಿಮ ತಪಾಸಣೆ, ಅಥವಾ ಬಿಡಿಯಾಗಿ ಆ ಒಂದೇ ಲಿಫ್ಟಿನ ಪರಿಶೀಲನೆ, ಇಲ್ಲವೇ ಅಂಥ ಸಂಸ್ಥೆಯ ನಿಗಾದಲ್ಲಿರುವ ಗುಣಮಟ್ಟದ ವ್ಯವಸ್ಥೆಯಡಿ ಕೊನೆಯ ಪರೀಕ್ಷೆ ನಡೆದ ಬಳಿಕವೇ ಕ್ಯಾಬಿನ್ನಿನೊಳಗೆ ಸಿಇ ಮುದ್ರೆ ಬೀಳುತ್ತದೆ. ಮುದ್ರೆಯ ಪಕ್ಕದಲ್ಲಿ ಆ ಸಂಸ್ಥೆಯ ನಾಲ್ಕು ಅಂಕಿಗಳ ಸಂಖ್ಯೆಯೂ ಇರಬೇಕು. ಆ ಸಂಖ್ಯೆ ಯಾರದೆಂದು ಯುರೋಪಿಯನ್ ಆಯೋಗದ ‘ನ್ಯಾಂಡೊ’ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಮೈಸೂರಿನಲ್ಲಿ ನಿಮ್ಮ ಶಾಫ್ಟಿನೊಳಗೆ (ಲಿಫ್ಟ್ ಮೇಲೆ ಕೆಳಗೆ ಓಡಾಡುವ ಕೊಳವೆಯಂಥ ಜಾಗ) ಇಲ್ಲಿಯ ಹುಡುಗರು ಜೋಡಿಸುವ ಲಿಫ್ಟಿಗೆ ಈ ಕೊನೆಯ ಹಂತ ನಡೆದಿರುವುದಿಲ್ಲ. ಹೀಗಿರುವಾಗ ಆ ಮುದ್ರೆಯನ್ನು ತೋರಿಸಿ ಇಲ್ಲಿಯ ತಪಾಸಣೆ ಬೇಡ ಎನ್ನುವುದು ಆ ಕಾನೂನಿನ ತಿರುಳಿಗೇ ವಿರುದ್ಧವಾದ ಮಾತು.

ಹಾಗೆಂದು ಆ ಕಾಗದಗಳು ವ್ಯರ್ಥವಲ್ಲ. ಲ್ಯಾಂಡಿಂಗ್ ಬಾಗಿಲಿನ (ಪ್ರತಿ ಮಹಡಿಯ ಹೊರಬಾಗಿಲಿನ) ಲಾಕ್, ಅತಿವೇಗ ತಡೆಯುವ ಗವರ್ನರ್, ರೈಲನ್ನು ಕಚ್ಚಿ ಹಿಡಿಯುವ ಸೇಫ್ಟಿ ಗೇರ್, ಕೆಳಗೆ ಬಡಿದರೆ ಹೊಡೆತ ತಡೆಯುವ ಪಿಟ್ಟಿನ ಬಫರ್ ಇವುಗಳಿಗೆ ಸುರಕ್ಷತಾ ಭಾಗಗಳೆಂದು ಪ್ರತ್ಯೇಕ ಪ್ರಮಾಣಪತ್ರ ಇರುತ್ತದೆ. ಪ್ರತಿಯೊಂದರ ಪ್ರತಿಯನ್ನೂ ಕೇಳಿ ಪಡೆದು, ಮಾಲು ಸೈಟಿಗೆ ಬಂದ ದಿನ ಪತ್ರದಲ್ಲಿರುವ ಮಾದರಿ ಸಂಖ್ಯೆ ಮತ್ತು ಭಾಗದ ಮೇಲಿನ ತಗಡಿನ ಸಂಖ್ಯೆ ಒಂದೇ ಆಗಿವೆಯೇ ಎಂದು ಫೋನಿನಲ್ಲಿ ಚಿತ್ರ ತೆಗೆದು ಹೋಲಿಸಿಕೊಳ್ಳಿ. ಒಮ್ಮೆ ಜೋಡಣೆಯಾದ ಮೇಲೆ ಆ ತಗಡುಗಳು ಮನೆಯವರ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ರಾಜ್ಯದಲ್ಲಿ ಇದಕ್ಕೆ 2012ರ ಕರ್ನಾಟಕ ಲಿಫ್ಟ್, ಎಸ್ಕಲೇಟರ್ ಮತ್ತು ಪ್ಯಾಸೆಂಜರ್ ಕನ್ವೇಯರ್ ಅಧಿನಿಯಮ ಮತ್ತು 2015ರ ನಿಯಮಗಳಿವೆ. ಜಾರಿ ಮಾಡುವವರು ವಿದ್ಯುತ್ ಪರಿವೀಕ್ಷಣಾಲಯದವರು. ಕೂರಿಸುವ ಮೊದಲು ನಕ್ಷೆಯೊಂದಿಗೆ ಅನುಮತಿ ಪಡೆಯಬೇಕು, ಕೂರಿಸಿದ ಮೇಲೆ ಪರಿವೀಕ್ಷಕರು ಬಂದು ನೋಡಿ ಪರವಾನಗಿ ಕೊಟ್ಟ ನಂತರ ಬಳಸಬೇಕು. ‘ಮನೆಯೊಳಗಿನ ಪ್ಲಾಟ್‌ಫಾರ್ಮಿಗೆ ಇದು ಅನ್ವಯಿಸುವುದಿಲ್ಲ’ ಎಂದು ಮಾರಾಟಗಾರರು ವಾದಿಸಿದರೆ, ಅವರೊಡನೆ ಚರ್ಚೆ ಬೇಡ. ಮಾದರಿಯ ವಿವರ ಲಗತ್ತಿಸಿ ನಿಮ್ಮ ಜಿಲ್ಲೆಯ ಪರಿವೀಕ್ಷಕರ ಕಚೇರಿಗೆ ಪತ್ರ ಬರೆದು ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಮಾನದಂಡದ ವಿಷಯದಲ್ಲೂ ‘ಯುರೋಪಿನದ್ದು ಬೇರೆ, ಇಲ್ಲಿಯದು ಬೇರೆ’ ಎಂಬ ಮಾತು ಈಗ ಹಳೆಯದು: ಯುರೋಪಿನ ಇಎನ್ 81-20, ಅದರಿಂದ ಬಂದ 2019ರ ಐಎಸ್‌ಒ 8100-1, ನಮ್ಮ 2022ರ ಐಎಸ್ 17900 ಒಂದೇ ಬಳ್ಳಿಯವು. ಕೊಟೇಷನ್ನಿನಲ್ಲಿ ಯಾವ ಮಾನದಂಡ ಎಂಬುದನ್ನು ವರ್ಷದ ಸಮೇತ ಬರೆಸಿಕೊಳ್ಳಿ.

ನಿಮ್ಮ ಮನೆ ಇನ್ನೂ ಪಾಯದ ಹಂತದಲ್ಲಿದೆ ಎಂದಿರುವುದರಿಂದ ಸಂಪಿನ ವಿಚಾರವನ್ನು ಒತ್ತಿ ಹೇಳಬೇಕಾಗಿದೆ. ಜಾಗ ಉಳಿಸಲು ಲಿಫ್ಟ್ ಪಿಟ್ಟಿನ ಕೆಳಗೇ ಅಥವಾ ಅದಕ್ಕೆ ಅಂಟಿದಂತೆ ನೀರಿನ ಸಂಪು ಮಾಡುವುದನ್ನು ನಾನು ಹಲವು ಕಡೆ ಕಂಡಿದ್ದೇನೆ. ಶಾಫ್ಟಿನ ಕೆಳಗೆ ಮನುಷ್ಯರು ಇಳಿಯಬಹುದಾದ ಜಾಗವಿದ್ದರೆ ಪಿಟ್ಟಿನ ತಳ ಚದರ ಮೀಟರಿಗೆ ಕನಿಷ್ಠ 5000 ನ್ಯೂಟನ್ ಭಾರ ತಡೆಯುವಂತಿರಬೇಕು ಮತ್ತು ಕೌಂಟರ್‌ವೇಟಿಗೂ (ಕ್ಯಾಬಿನ್ನಿಗೆ ಸಮತೂಕವಾಗಿ ಓಡಾಡುವ ಭಾರಕ್ಕೂ) ಸೇಫ್ಟಿ ಗೇರ್ ಇರಬೇಕು ಎನ್ನುತ್ತದೆ ಇಎನ್ 81-20. ಸಂಪು ತೊಳೆಯಲು ಇಳಿದವರ ತಲೆಯ ಮೇಲೆ ಏನಿದೆ ಎಂದು ಯೋಚಿಸಿದರೆ ಈ ನಿಯಮದ ಕಾರಣ ತಿಳಿಯುತ್ತದೆ. ಅಂಟಿಕೊಂಡ ಸಂಪಿನಿಂದ ನೀರು ಜಿನುಗಿ ಪಿಟ್ಟಿನಲ್ಲಿ ನಿಂತರೆ ಬಫರ್, ಸ್ವಿಚ್ಚು, ರೈಲಿನ ಬುಡ ಎಲ್ಲಕ್ಕೂ ತುಕ್ಕು ಹಿಡಿಯುತ್ತದೆ. ಸಾಧ್ಯವಿದ್ದರೆ ಸಂಪನ್ನು ಈಗಲೇ ಬೇರೆ ಮೂಲೆಗೆ ಸರಿಸಿ.

ಬಾಗಿಲಿನ ವಿಷಯದಲ್ಲಿ ರಾಜಿ ಬೇಡ. ಜನ ಹೆದರುವುದು ರೋಪು ಹರಿಯುತ್ತದೆಂದು. ಆದರೆ ಮೂರು ಅಥವಾ ಹೆಚ್ಚು ರೋಪುಗಳಿರುವ ಲಿಫ್ಟಿನಲ್ಲಿ ಅವುಗಳ ಸುರಕ್ಷತಾ ಗುಣಾಂಕ ಕನಿಷ್ಠ 12 ಇರುತ್ತದೆ (ಅಂದರೆ ಹೊರಬೇಕಾದ ಭಾರದ 12 ಪಟ್ಟು ತಡೆಯುವ ಶಕ್ತಿ), ಜೊತೆಗೆ ಗವರ್ನರ್ ಮತ್ತು ಸೇಫ್ಟಿ ಗೇರ್ ಇರುತ್ತವೆ. ನನ್ನ ಅನುಭವದಲ್ಲಿ ಹೆಚ್ಚು ಭಯಪಡಬೇಕಾದದ್ದು ಕ್ಯಾಬಿನ್ ಇಲ್ಲದ ಮಹಡಿಯಲ್ಲಿ ತೆರೆದುಕೊಳ್ಳುವ ಬಾಗಿಲಿಗೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ, ಪದೇ ಪದೇ ನಿಲ್ಲುತ್ತಿದ್ದ ಲಿಫ್ಟನ್ನು ಓಡಿಸಲು ಮೆಕ್ಯಾನಿಕ್ ಒಬ್ಬರು ಡೋರ್ ಲಾಕ್ ಸರ್ಕ್ಯೂಟಿಗೆ, ಬಾಗಿಲು ಸರಿಯಾಗಿ ಮುಚ್ಚಿರದಿದ್ದರೂ ಮುಚ್ಚಿದೆ ಎಂದು ಲಿಫ್ಟಿಗೆ ತೋರಿಸುವ ತುಂಡು ತಂತಿಯ ಜಂಪರ್ ಹಾಕಿ, ತೆಗೆಯಲು ಮರೆತು ಹೋಗಿದ್ದರು. ಮರುದಿನ ಬೆಳಿಗ್ಗೆ ಹಾಲು ತರಲು ಹೊರಟ ಹಿರಿಯರೊಬ್ಬರು ಬಾಗಿಲು ಎಳೆದಾಗ ಒಳಗೆ ಕತ್ತಲು ಮಾತ್ರ ಇತ್ತು. ಕೈಯಲ್ಲಿದ್ದ ಊರುಗೋಲನ್ನು ಮೊದಲು ಮುಂದಿಟ್ಟಿದ್ದರಿಂದ ಅವರು ಉಳಿದರು. ಆ ಜಂಪರನ್ನು ತೆಗೆದವನು ನಾನು. ಇಂಥ ತಂತಿಗೆ ಅವಕಾಶವೇ ಇರಬಾರದೆಂದು ಇಎನ್ 81-20ರಲ್ಲಿ ಕಂಟ್ರೋಲ್ ಪ್ಯಾನಲ್ಲಿಗೇ ಪ್ರತ್ಯೇಕ ಬೈಪಾಸ್ ಸಾಧನ ಕಡ್ಡಾಯವಾಗಿದೆ; ಅದು ಹಾಕಿದ್ದಾಗ ಲಿಫ್ಟ್ ಸಾಮಾನ್ಯ ಕರೆಗೆ ಓಡುವುದಿಲ್ಲ. ನಿಮ್ಮ ಪ್ಯಾನಲ್ಲಿನಲ್ಲಿ ಅದು ಇದೆಯೇ ಎಂದು ಕೇಳಿ.

ಹೊರಗೆ ಕೈಯಿಂದ ಎಳೆಯುವ ಬಾಗಿಲು, ಒಳಗೆ ಮಡಚುವ ಗೇಟು ಇರುವ ವಿನ್ಯಾಸವಾದರೆ, ಇವೆರಡರ ನಡುವೆ ಪುಟ್ಟ ಮಗು ನಿಲ್ಲುವಷ್ಟು ಜಾಗ ಉಳಿಯಬಾರದು. ಅಮೆರಿಕದಲ್ಲಿ ಮನೆ ಲಿಫ್ಟ್‌ಗಳ ಈ ಸಂದಿನಲ್ಲಿ ಮಕ್ಕಳು ಸಿಕ್ಕಿ ಸತ್ತ ಮೇಲೆ, 4 ಇಂಚಿನ ಚೆಂಡು ಹಿಡಿಸಬಾರದೆಂಬ ಮಿತಿ ಅಲ್ಲಿಯ ಸಂಹಿತೆಗೆ ಬಂತು. ಅತ್ತೆಯವರ ಜೊತೆ ಮೊಮ್ಮಕ್ಕಳೂ ಓಡಾಡುವ ಮನೆ ನಿಮ್ಮದು. ಟೇಪು ಹಿಡಿದು ಅಳೆಯಿರಿ.

ಒಪ್ಪಿಸುವ ದಿನ ನೀವೇ ಎದುರಿಗಿರಿ. ಆರು ಜನರ ಲಿಫ್ಟ್ ಎಂದರೆ ಇಲ್ಲಿ ತಲೆಗೆ 68 ಕಿಲೋದಂತೆ 408 ಕಿಲೋ. ಅದರ ಮೇಲೆ 75 ಕಿಲೋ ಹೆಚ್ಚುವಷ್ಟರಲ್ಲಿ ಓವರ್‌ಲೋಡ್ ಗಂಟೆ ಬಾರಿಸಿ ಲಿಫ್ಟ್ ಹೊರಡದೆ ನಿಲ್ಲಬೇಕು. ರೋಪಿನ ಲಿಫ್ಟಾದರೆ 125 ಶೇಕಡ ಭಾರ, ಅಂದರೆ 510 ಕಿಲೋ ಹೊತ್ತು ಇಳಿಯುವಾಗಲೂ ಬ್ರೇಕೊಂದೇ ಅದನ್ನು ನಿಲ್ಲಿಸಬೇಕು; ಐವತ್ತು ಕಿಲೋದ ಹತ್ತು ಸಿಮೆಂಟ್ ಚೀಲ ಮತ್ತು ಮೇಲೆ ಹತ್ತು ಕಿಲೋ ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಇದನ್ನು ತಂತ್ರಜ್ಞರೇ ಮಾಡಬೇಕು, ಒಳಗೆ ಯಾರೂ ಇರಕೂಡದು. ಬಳಿಕ ಎರಡು ಮಹಡಿಗಳ ನಡುವೆ ಬರುವಾಗ ಮೇನ್ ಸ್ವಿಚ್ ತೆಗೆಸಿ: ದೀಪ ಉರಿಯಬೇಕು, ಗಂಟೆ ಮತ್ತು ಫೋನು ಕೆಲಸ ಮಾಡಬೇಕು, ಎ.ಆರ್.ಡಿ. (ವಿದ್ಯುತ್ ಹೋದಾಗ ಲಿಫ್ಟನ್ನು ಮಹಡಿಗೆ ತರುವ ಬ್ಯಾಟರಿ ಸಾಧನ) ಹಾಕಿಸಿದ್ದರೆ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯಬೇಕು.

ಹಣದ ಕೊನೆಯ ಕಂತನ್ನು ಲಿಫ್ಟ್ ಓಡಿದ ದಿನಕ್ಕಲ್ಲ, ಪರವಾನಗಿ ಕೈಗೆ ಬಂದ ದಿನಕ್ಕೆ ಕಟ್ಟುವಂತೆ ಕರಾರಿನಲ್ಲಿ ಬರೆಸಿ. ಮಾರಾಟಗಾರರು ಕೊಟ್ಟಿರುವ ಘೋಷಣಾ ಪತ್ರದ ಮೊದಲ ಪುಟವನ್ನೂ, ಸಂಪು ಗುರುತಿಸಿರುವ ಪಾಯದ ನಕ್ಷೆಯನ್ನೂ ಇಲ್ಲಿಯೇ ಹಾಕಿದರೆ, ಸಂಪಿಗೂ ಪಿಟ್ಟಿಗೂ ಇರುವ ಅಂತರ ನೋಡಿ ಕಾಂಕ್ರೀಟ್ ಬೀಳುವ ಮೊದಲೇ ಹೇಳುತ್ತೇನೆ.