ಗಾರೆಯವನ ಕೈಚಳಕಕ್ಕೆ ದಾಸ್ಯದ ಮುದ್ರೆ ಬೇಡ

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: "ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ಬ್ರೆಜಿಲ್‌ನಿಂದ ನೈಜೀರಿಯಾದ ಲಾಗೋಸ್‌ಗೆ ಹೋಗಿ ನೆಲೆಸಿದವರು ಯಜಮಾನರ ಹೆಸರು, ಮತ, ಊಟಗಳನ್ನೇ ಹೊತ್ತು ತಂದರು. ಇದರಿಂದ ಲಾಗೋಸ್ ಶ್ರೀಮಂತವಾಯಿತೆಂದು ಹೋದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಇದು ದಾಸ್ಯದ ವೈಭವೀಕರಣವಲ್ಲವೇ? ಹೀಗೇ ನಡೆದರೆ ಚಂದಾ ನಿಲ್ಲಿಸಬೇಕಾದೀತು."

ಮಾನ್ಯರೇ,

ತಮ್ಮ ಸಿಟ್ಟಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಡ ಸಿಲ್ವ, ಪೆರೇರ, ಡ ರೋಚ ಎಂಬ ಮನೆತನದ ಹೆಸರುಗಳು ಲಾಗೋಸ್‌ನಲ್ಲಿ ಇಂದಿಗೂ ಉಳಿದಿವೆ. ಅವುಗಳ ಹಿಂದೆ ಮನುಷ್ಯರನ್ನು ಕೊಂಡು ಮಾರಿದ ಚರಿತ್ರೆಯಿದೆ. ಇಷ್ಟನ್ನು ಒಪ್ಪಿದ ಮೇಲೆ ತಮ್ಮನ್ನೊಂದು ಮಾತು ಕೇಳುತ್ತೇನೆ. ಗುಲಾಮನ ಕೈ ಕಲಿತ ಕಸುಬನ್ನೂ ಯಜಮಾನನ ಲೆಕ್ಕಕ್ಕೇ ಜಮಾ ಮಾಡುವುದು ಯಾವ ನ್ಯಾಯ?

1835ರಲ್ಲಿ ಬ್ರೆಜಿಲ್‌ನ ಬಾಹಿಯಾ ಪ್ರಾಂತದ ಸಾಲ್ವಡೋರ್ ನಗರದಲ್ಲಿ ಆಫ್ರಿಕನ್ ಮುಸ್ಲಿಮರು, ಅವರಲ್ಲೂ ಹೆಚ್ಚಾಗಿ ಇಂದಿನ ನೈಜೀರಿಯಾ ಸೀಮೆಯ ಯೊರುಬಾ ಜನ, ದಂಗೆಯೆದ್ದರು. ದಂಗೆ ಅಡಗಿದ ಬಳಿಕ, ಬಿಡುಗಡೆ ಪಡೆದಿದ್ದ ಆಫ್ರಿಕನ್ನರಿಗೂ ಅಲ್ಲಿ ಬಾಳುವುದು ಕಷ್ಟವಾಯಿತು. ಕೆಲವರು ಗಡೀಪಾರಾದರು, ಇನ್ನು ಹಲವರು ತಾವಾಗಿಯೇ ಹಡಗು ಹತ್ತಿದರು. 1888ರಲ್ಲಿ ಬ್ರೆಜಿಲ್ ಗುಲಾಮಗಿರಿಯನ್ನು ರದ್ದುಪಡಿಸುವ ಹೊತ್ತಿಗಾಗಲೇ ಲಾಗೋಸ್ ದ್ವೀಪದಲ್ಲಿ ಅವರದೇ ಒಂದು ಕೇರಿ ಬೆಳೆದು ನಿಂತಿತ್ತು. ಬಂದವರಲ್ಲಿ ಗಾರೆಯವರಿದ್ದರು, ಬಡಗಿಗಳಿದ್ದರು, ದರ್ಜಿಗಳಿದ್ದರು. ಕಮಾನಿನ ಕಿಟಕಿ, ಗಾರೆಯಲ್ಲಿ ಅರಳಿಸಿದ ಹೂಬಳ್ಳಿ, ಬಣ್ಣ ಬಳಿದ ಮುಂಭಾಗಗಳಿಂದ ಕಂಗೊಳಿಸುವ ಮಹಡಿ ಮನೆಗಳನ್ನು ಅವರು ಕಟ್ಟಿದ್ದಷ್ಟೇ ಅಲ್ಲ, ಸ್ಥಳೀಯರನ್ನು ಕೈಕೆಳಗೆ ಇಟ್ಟುಕೊಂಡು ಕೆಲಸ ಕಲಿಸಿದರು. ಆ ಶಿಷ್ಯರ ಕೈಯಲ್ಲಿ ಈ ಶೈಲಿ ಒಳನಾಡಿನ ಯೊರುಬಾ ಊರುಗಳಿಗೂ ಹಬ್ಬಿತು. 1894ರಲ್ಲಿ ಲಾಗೋಸ್‌ನಲ್ಲಿ ತೆರೆದ ಶಿಟ್ಟಾ-ಬೇ ಮಸೀದಿಯನ್ನು ಕಟ್ಟಿದವರು ಇದೇ ಸಮುದಾಯದ ಜೋವಾವ್ ಬಟಿಸ್ಟ ಡ ಕೋಸ್ಟ. ಕ್ರೈಸ್ತ ಸಂತ ಸ್ನಾನಿಕ ಯೋಹಾನನ ಹೆಸರು ಹೊತ್ತ ಮೇಸ್ತ್ರಿ ಮಸೀದಿ ಕಟ್ಟಿದ್ದರಲ್ಲಿ ದಾಸ್ಯ ಎಲ್ಲಿದೆಯೆಂದು ತಾವೇ ತೋರಿಸಿಕೊಡಬೇಕು.

ಊಟವೂ ತಮಗೆ ಅಪಥ್ಯವಾಗಿದೆ. ಶುಭ ಶುಕ್ರವಾರದಂದು ಆ ಮನೆಗಳಲ್ಲಿ ಕಾಳು ಬೇಯಿಸಿ, ಅರೆದು, ತೆಂಗಿನ ಹಾಲು ಬೆರೆಸಿ 'ಫ್ರೆಜೊನ್' ಮಾಡುತ್ತಾರೆ, ಮೀನಿನೊಂದಿಗೆ ಉಣ್ಣುತ್ತಾರೆ. ಕರಾವಳಿಯ ಓದುಗರಾಗಿದ್ದರೆ ಇಷ್ಟು ಮುನಿಯುತ್ತಿರಲಿಲ್ಲವೇನೋ! ಊಟದ ಮಾತು ಇಷ್ಟು ಸಾಕು, ಏಕೆಂದರೆ ನನ್ನ ನಿಜವಾದ ತಕರಾರು ತಮ್ಮೊಬ್ಬರ ಮೇಲಲ್ಲ. ವಲಸಿಗರ ಕೊಡುಗೆಯ ಬಗ್ಗೆ ನಮ್ಮ ಕಚೇರಿಗೆ ಬರುವ ಲೇಖನಗಳಲ್ಲಿ ಹಾಡು, ಕುಣಿತ, ತಿಂಡಿಗಳದೇ ಮೆರವಣಿಗೆ. ಬ್ರೆಜಿಲ್ ಎಂದೊಡನೆ ಸಾಂಬಾ, ಫುಟ್‌ಬಾಲ್ ಎಂದು ಬರೆದು ಮುಗಿಸುವವರು, ಊರಿನ ಗೋಡೆಗೆ ಗಾರೆ ಹಚ್ಚಿದವರು ಯಾರೆಂದು ಕೇಳುವುದೇ ಇಲ್ಲ. ಕಾವ್ಯ ಬರೆದವನ ಜನ್ಮಸ್ಥಳಕ್ಕಾಗಿ ಜಗಳವಾಡುವ ನಾವು, ಮನೆ ಕಟ್ಟಿದವನ ಹೆಸರನ್ನು ಗೃಹಪ್ರವೇಶದ ಮರುದಿನವೇ ಮರೆಯುತ್ತೇವೆ.

ಇಂಥ ಅಸಡ್ಡೆಗೆ ಲಾಗೋಸ್ ಕೂಡ ಬೆಲೆ ತೆತ್ತಿದೆ. ಅಲ್ಲಿನ ಟಿನುಬು ಚೌಕದಲ್ಲಿ ಫೆರ್ನಾಂಡೆಜ್ ಮನೆತನ 19ನೆಯ ಶತಮಾನದಲ್ಲಿ ಕಟ್ಟಿಸಿದ್ದ 'ಇಲೊಜೊ ಬಾರ್' ಎಂಬ ಕಟ್ಟಡವನ್ನು 1956ರಲ್ಲೇ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಗಿತ್ತು. 2016ರಲ್ಲಿ ಅದನ್ನು ಕೆಡವಿ ನೆಲಸಮ ಮಾಡಿದರು. ಬ್ರೆಜಿಲ್‌ನಿಂದ ಬಂದದ್ದೆಲ್ಲ ಪರರ ಸೊತ್ತೆಂದು ತಾವು ವಾದಿಸುವಾಗ ನನಗೆ ನೆನಪಾದದ್ದು ಆ ಕಟ್ಟಡ.

ಚಂದಾ ನಿಲ್ಲಿಸುವುದು, ಬಿಡುವುದು ತಮ್ಮ ಇಷ್ಟ. ಆದರೆ ನೆರೆಯ ಬೆನಿನ್ ದೇಶದ ಪೋರ್ಟೊ-ನೊವೊದಲ್ಲಿ, ಬಾಹಿಯಾದ ಚರ್ಚನ್ನೇ ಹೋಲುವಂತೆ ಎದ್ದುನಿಂತ ದೊಡ್ಡ ಮಸೀದಿಯ ಕುರಿತ ಲೇಖನ ಮುಂದಿನ ಸಂಚಿಕೆಯಲ್ಲಿ ಬರಲಿದೆ. ಅದನ್ನು ಓದಿದ ಮೇಲೆ ನಿಲ್ಲಿಸಬೇಕೆಂದು ವಿನಂತಿ.

– ಸಂಪಾದಕ