ತೊಟ್ಟಿ ಅಗೆಯುವಾಗ ಸಿಕ್ಕ ಕಲ್ಲಿನ ಮೇಲೆ ಎಲೆಯ ಅಚ್ಚು ಇದೆ, ಇದು ಪಳೆಯುಳಿಕೆಯೇ?

ಬಾಗಲಕೋಟೆಯ ಹತ್ತಿರ ನೀರಿನ ತೊಟ್ಟಿ ಅಗೆಸುವಾಗ ಸಿಕ್ಕ ಸುಣ್ಣದ ಕಲ್ಲಿನ ಎರಡು ಚಿತ್ರ ಹಾಕಿದ್ದೀರಿ. ಒಂದರಲ್ಲಿ ಜರೀಗಿಡದಂಥ ಕಪ್ಪು ಅಚ್ಚು. ಇನ್ನೊಂದು ಬರೀ ಗೆರೆಗೆರೆಯ ಕಲ್ಲು, ಅದನ್ನು ಮಣ್ಣಿನ ರಾಶಿಗೆ ಹಾಕಿಸಿದೆ ಎಂದಿದ್ದೀರಿ. ಭೂವಿಜ್ಞಾನ ಕಲಿಸುವವನಾಗಿ ನಾನು ಹೇಳುವುದಿಷ್ಟು: ಆ ಎರಡನೆಯದನ್ನು ಮೊದಲು ರಾಶಿಯಿಂದ ತೆಗೆಸಿ.

ಜರೀಗಿಡದ ಅಚ್ಚು ಗಿಡದ್ದಲ್ಲ. ನಿಮ್ಮ ಭಾಗದ ಸುಣ್ಣದ ಕಲ್ಲು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು, ವಯಸ್ಸು 100 ಕೋಟಿ ವರ್ಷಕ್ಕೂ ಹೆಚ್ಚು. ನೆಲದ ಮೇಲೆ ಗಿಡಗಳು ಕಾಣಿಸಿಕೊಂಡದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಹುಟ್ಟೇ ಇರದ ಗಿಡ ಅಚ್ಚೊತ್ತುವುದೆಲ್ಲಿಂದ ಬಂತು? ಕಲ್ಲಿನ ಬಿರುಕಿಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್ ಆಕ್ಸೈಡ್ ಹೀಗೆ ಕವಲೊಡೆದು ಹರಡುತ್ತದೆ. ಇದಕ್ಕೆ ಡೆಂಡ್ರೈಟ್ ಎನ್ನುತ್ತಾರೆ. ಭೂತಗನ್ನಡಿ ಹಿಡಿದು ನೋಡಿ: ನಡುನರವಿಲ್ಲ, ಎಲೆಯ ಅಂಚಿಲ್ಲ, ಕವಲುಗಳೆಲ್ಲ ಬಿರುಕಿನ ಅಂಚಿನಿಂದಲೇ ಹೊರಟಿವೆ. ಇನ್ನೂ ಅನುಮಾನವಿದ್ದರೆ ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಕೊಡುವ ಹೈಡ್ರೋಜನ್ ಪೆರಾಕ್ಸೈಡನ್ನು ಒಂದು ಹನಿ ಬಿಡಿ. ಕಪ್ಪು ಗೆರೆಯ ಮೇಲೆ ಬುಸಬುಸನೆ ನೊರೆ ಎದ್ದರೆ ಅದು ಮ್ಯಾಂಗನೀಸಿನದೇ ಕೆಲಸ.

ಇನ್ನು ನೀವು ಎಸೆದ ಕಲ್ಲು. ಚಿತ್ರದಲ್ಲಿ ಕಾಣುವ ಗೆರೆಗಳು ನೇರವಾಗಿಲ್ಲ. ಒಂದರ ಮೇಲೊಂದು ಕಮಾನು ಕಟ್ಟಿ, ಎಲ್ಲವೂ ಒಂದೇ ದಿಕ್ಕಿಗೆ ಉಬ್ಬಿವೆ. ಪಕ್ಕದಲ್ಲೇ ಅಂಥದೇ ಇನ್ನೊಂದು ಕಂಬವಿದೆ. ಅಡ್ಡಲಾಗಿ ಒಡೆದ ಮುಖದಲ್ಲಿ ಕೊಯ್ದ ಈರುಳ್ಳಿಯ ಹಾಗೆ ಸುತ್ತುಗಳು ಕಾಣುತ್ತಿವೆ. ಚಿತ್ರ ನೋಡಿ ಹೇಳುವುದಾದರೆ ಇದು ಸ್ಟ್ರೊಮಾಟೊಲೈಟ್. ಆಳವಿಲ್ಲದ ಸಮುದ್ರದ ತಳದಲ್ಲಿ ಸೂಕ್ಷ್ಮಜೀವಿಗಳು ಅಂಟಂಟಾದ ಪೊರೆಯಾಗಿ ಹಾಸಿಕೊಂಡಿದ್ದವು. ಸುಣ್ಣದ ಹೂಳು ಮೇಲೆ ಕೂತಾಗಲೆಲ್ಲ ಬೆಳಕಿಗಾಗಿ ಅದರ ಮೇಲಕ್ಕೆ ಬಂದು ಹೊಸ ಪೊರೆ ಕಟ್ಟಿದವು. ಹಾಗೆ ಕೂತ ಒಂದೊಂದು ಪದರವೇ ಈಗ ಕಾಣುವ ಒಂದೊಂದು ಗೆರೆ. ಎಲುಬಿಲ್ಲ, ಚಿಪ್ಪಿಲ್ಲ, ಆದರೂ ಪಳೆಯುಳಿಕೆಯೇ. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ಇವು ಇಂದಿಗೂ ಬೆಳೆಯುತ್ತಿವೆ. ನಮ್ಮ ಚಿತ್ರದುರ್ಗದ ವಾಣಿವಿಲಾಸ ಸಾಗರದ ಕಡೆ ಇದಕ್ಕಿಂತಲೂ ಬಹಳ ಹಳೆಯವು ಸಿಗುತ್ತವೆ. ಜನ ಡೈನೋಸಾರಿನ ಮೊಟ್ಟೆಗೆ ಬಾಯಿಬಿಡುತ್ತಾರೆ, ಇದನ್ನು ಮಾತ್ರ ತಳಪಾಯಕ್ಕೆ ತುಂಬುತ್ತಾರೆ!

ಆ್ಯಸಿಡ್ ಹಾಕಿ ತೊಳೆಯಬೇಡಿ, ಸುಣ್ಣದ ಕಲ್ಲು ಕರಗುತ್ತದೆ. ನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಗುಂಡಿಯ ಗೋಡೆಯಲ್ಲಿ ಅದೇ ಪದರ ಇನ್ನೂ ಕಾಣುತ್ತಿದ್ದರೆ, ಗಿಲಾವು ಮಾಡಿಸುವ ಮೊದಲು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ, ಆಳವನ್ನೂ ಬರೆದಿಡಿ. ಬಿಡಿ ತುಂಡಿಗಿಂತ ಆ ಚಿತ್ರವೇ ಹೆಚ್ಚು ಉಪಯುಕ್ತ, ಏಕೆಂದರೆ ಉಬ್ಬು ಯಾವ ಕಡೆಗಿತ್ತು ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಎರಡನ್ನೂ ತೋರಿಸಿ.

ಬೆಲೆ ಎಷ್ಟು ಬರುತ್ತದೆ ಎಂದೂ ಕೇಳಿದ್ದೀರಿ. ಮಾರುವ ಯೋಚನೆ ಬಿಡಿ, ನಿಮ್ಮ ಸೀಮೆಯಲ್ಲಿ ಇಂಥ ಕಲ್ಲಿಗೆ ಬರವಿಲ್ಲ.