ಬೀದಿಗೊಂದು ದೀಪ ಹಾಕಿಸಲು ದುಡ್ಡು ಎಲ್ಲಿಂದ? ಮುಳಬಾಗಿಲು ಕಡೆಯಿಂದ ಉತ್ತರ

ಊರೊಳಗೆ ಒಂದು ದೀಪ, ಒಂದು ಹಂಪ್, ಚರಂಡಿಗೆ ನಾಲ್ಕು ಚಪ್ಪಡಿ, ಇಂಥ ಸಣ್ಣ ಕೆಲಸಕ್ಕೆ ನಿಮ್ಮ ಕಡೆ ಯಾರು ದುಡ್ಡು ಕೊಡುತ್ತಾರೆ ಅಂತ ಕೇಳಿದ್ದೀರಿ. ದುಡ್ಡಿಗಿಂತ ಮೊದಲು ನಮ್ಮಲ್ಲಿ ಕೇಳಬೇಕಾದ್ದು ಬೇರೆ ಇದೆ. ಆ ರಸ್ತೆ ಯಾರದು?

ಕೋಲಾರ ಜಿಲ್ಲೆಯ ಮುಳಬಾಗಿಲು ದಾಟಿ ನಂಗಲಿ ಕಡೆ ಬಂದರೆ ರಾಷ್ಟ್ರೀಯ ಹೆದ್ದಾರಿ. ವಯಸ್ಸಾದವರ ಬಾಯಲ್ಲಿ ಅದು ಇವತ್ತಿಗೂ ಹಳೇ ನಂಬರಿನ ಎನ್‌ಎಚ್ 4. ನಂಗಲಿ ಆದಮೇಲೆ ಆಂಧ್ರ, ಆಮೇಲೆ ಪಲಮನೇರು, ಚಿತ್ತೂರು. ಈ ಹೆದ್ದಾರಿ ಕೇಂದ್ರದ್ದು. ಅದಕ್ಕೆ ಬಂದು ಸೇರುವ ದೊಡ್ಡ ರಸ್ತೆಗಳು ಲೋಕೋಪಯೋಗಿ ಇಲಾಖೆಯದೋ ಜಿಲ್ಲಾ ಪಂಚಾಯಿತಿಯದೋ ಆಗಿರುತ್ತವೆ. ಊರೊಳಗಿನ ಬೀದಿ ಮಾತ್ರ ಗ್ರಾಮ ಪಂಚಾಯಿತಿಯದು. ನಿಮ್ಮ ಅರ್ಜಿ ತಪ್ಪು ಕಚೇರಿಗೆ ಹೋಯಿತು ಅಂದರೆ ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ.

ನಮ್ಮ ಕಡೆ ಬೀದಿ ತುಂಬುವ ಹೊತ್ತು ಅಂದರೆ ಡೈರಿ ಹೊತ್ತು. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ. ಹೆಂಗಸರು, ಮಕ್ಕಳು ಕ್ಯಾನು ಹಿಡಿದು ರಸ್ತೆ ದಾಟಿ ಹೋಗುತ್ತಾರೆ. ಚಳಿಗಾಲದಲ್ಲಿ ಎರಡು ಹೊತ್ತೂ ಕತ್ತಲೆ. ಅದೇ ಹೊತ್ತಿಗೆ ವಡ್ಡಹಳ್ಳಿ ಮಾರ್ಕೆಟ್ಟಿಗೋ ಕೋಲಾರದ ಎಪಿಎಂಸಿಗೋ ಟೊಮೆಟೊ ಕ್ರೇಟು ಹೇರಿಕೊಂಡ ಟೆಂಪೋಗಳು ಓಡುತ್ತಿರುತ್ತವೆ. ರೇಟು ಸಿಗಬೇಕಾದರೆ ಬೇಗ ಹೋಗಬೇಕು ಅಲ್ವಾ? ಅವರ ಅವಸರವೂ ಸುಳ್ಳಲ್ಲ. ಹಾಗಾಗಿ ನನ್ನನ್ನು ಕೇಳಿದರೆ ಊರಿಗೆ ಬರುವ ಮೊದಲ ದೀಪ ಡೈರಿ ಮುಂದೆಯೇ ಬೀಳಬೇಕು.

ಇನ್ನೊಂದು ಅಪಾಯ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ರಾಗಿ, ಹುರುಳಿ ತಂದು ಡಾಂಬರು ರಸ್ತೆಗೆ ಹರವುತ್ತಾರೆ. ಬಸ್ಸು, ಲಾರಿ ಮೇಲೆ ಹರಿದರೆ ಕಾಳು ಉದುರುತ್ತದೆ, ಖರ್ಚಿಲ್ಲ. ಆದರೆ ಹುಲ್ಲಿನ ಮೇಲೆ ಬೈಕ್ ಬ್ರೇಕ್ ಹಿಡಿಯುವುದಿಲ್ಲ. ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ರಾಶಿಗೆ ಅಡ್ಡ ಇಟ್ಟ ಕಲ್ಲನ್ನು ರಾತ್ರಿ ತೆಗೆಯದೆ ಬಿಟ್ಟರೆ ಕತ್ತಲಲ್ಲಿ ಬಂದವನ ಗತಿ ಏನು? ರೈತರನ್ನು ಬೈದರೆ ಇದು ನಿಲ್ಲುವುದಿಲ್ಲ. ಮನೆಮನೆಗೂ ಇದ್ದ ಕಣ ಈಗಿಲ್ಲ, ಸಗಣಿ ಸಾರಿಸಿ ಕಣ ಮಾಡುವಷ್ಟು ಆಳೂ ಇಲ್ಲ. ನರೇಗಾದಲ್ಲಿ ಒಕ್ಕಣೆ ಕಣ ಕಟ್ಟಿಸಿಕೊಂಡ ಊರುಗಳಿವೆ. ಕಾಗದದಲ್ಲಿ ಅದು ಕೃಷಿ ಕೆಲಸ. ರಸ್ತೆಯಲ್ಲಿ ಜೀವ ಉಳಿಸುವ ಕೆಲಸವೂ ಅದೇ ಅಂತ ನಾನು ಬಲವಾಗಿ ನಂಬಿದ್ದೇನೆ.

ಹಂಪ್ ವಿಷಯ. ಯಾರಾದರೂ ಬಿದ್ದ ಮಾರನೇ ದಿನ ಊರವರೇ ಸೇರಿ ಮಣ್ಣು, ಜಲ್ಲಿ ಸುರಿದು ಒಂದು ದಿಬ್ಬ ಮಾಡಿಬಿಡುತ್ತಾರೆ. ಸಿಟ್ಟು ಅರ್ಥವಾಗುತ್ತದೆ. ಆದರೆ ಕಡಿದಾದ ದಿಬ್ಬದ ಮೇಲೆ ಬೈಕ್ ಹಾರಿದರೆ ಹಿಂದೆ ಕೂತ ಹೆಂಗಸು ಮೊದಲು ಬೀಳುತ್ತಾಳೆ. ರಸ್ತೆ ಕೆಲಸದ ಅಳತೆ ಗೊತ್ತುಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ ಸಂಸ್ಥೆಯ ಪ್ರಕಾರ ಹಂಪ್ ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು. ಬಿಳಿ ಪಟ್ಟೆ ಬೇಕು, ಸ್ವಲ್ಪ ಮುಂಚೆಯೇ ಬೋರ್ಡು ಬೇಕು. ಹೆದ್ದಾರಿ ಮೇಲೆ ಪಂಚಾಯಿತಿ ಇದನ್ನು ಹಾಕುವಂತೆಯೇ ಇಲ್ಲ.

ಈಗ ದುಡ್ಡು. ಪಂಚಾಯಿತಿಗೆ ಮನೆ ಕಂದಾಯ ಇದೆ. ಕೇಂದ್ರ ಹಣಕಾಸು ಆಯೋಗದ ಅನುದಾನ ಇದೆ. 15ನೇ ಆಯೋಗ 2021-22ರಿಂದ 2025-26ರವರೆಗಿನ ಹಣದಲ್ಲಿ ನೂರಕ್ಕೆ 60 ಪಾಲನ್ನು ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿತು. ಉಳಿದ 40 ಊರಿನ ಅಗತ್ಯಕ್ಕೆ, ಸಂಬಳಕ್ಕಲ್ಲ. ದೀಪದಂಥ ಕೆಲಸ ಬಂದದ್ದು ಈ 40ರಲ್ಲಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಇಡೀ ಕ್ಷೇತ್ರಕ್ಕೆ ಹಂಚಿದರೆ ಒಂದೂರಿಗೆ ಎಷ್ಟು ಬಂದೀತು, ನೀವೇ ಲೆಕ್ಕ ಹಾಕಿ. ಜಾತ್ರೆಗೆ ಮನೆಗಿಷ್ಟು ಅಂತ ಎತ್ತುವ ಹಾಗೆ ದೀಪಕ್ಕೂ ಎತ್ತಬಹುದು. ಆದರೆ ಎತ್ತಿದ ದುಡ್ಡಿನಲ್ಲಿ ಬಲ್ಬು ಬರುತ್ತದೆ, ಕರೆಂಟ್ ಬಿಲ್ಲು ಕಟ್ಟುವುದು, ಕೆಟ್ಟರೆ ಬದಲಾಯಿಸುವುದು ಪಂಚಾಯಿತಿಯದೇ. ಹಾಗಾಗಿ ಅದರ ಪುಸ್ತಕದಲ್ಲಿ ಸೇರದೆ ಯಾವ ದೀಪವೂ ಬಹಳ ದಿನ ಉರಿಯುವುದಿಲ್ಲ.

ಪುಸ್ತಕಕ್ಕೆ ಸೇರುವ ಬಾಗಿಲು ವಾರ್ಡ್ ಸಭೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ 1993ರ ಪಂಚಾಯತ್ ರಾಜ್ ಕಾಯ್ದೆಯೇ ಹೇಳುತ್ತದೆ. ಅಲ್ಲಿ ಬಂದ ಬೇಡಿಕೆ ಗ್ರಾಮ ಸಭೆಗೆ ಹೋಗಿ, ಆಮೇಲೆ ಕ್ರಿಯಾ ಯೋಜನೆಗೆ, ಅಂದರೆ ಪಂಚಾಯಿತಿ ಮಾಡಬೇಕಾದ ಕೆಲಸಗಳ ಪಟ್ಟಿಗೆ ಸೇರಬೇಕು. ಗಡಿಯ ಕಷ್ಟ ಗೊತ್ತಾಗುವುದು ಇಲ್ಲೇ. ಸಭೆಯಲ್ಲಿ ಮಾತು ಮುಕ್ಕಾಲು ಪಾಲು ತೆಲುಗು, ನಡಾವಳಿ ಬರೆಯುವುದು ಕನ್ನಡ. ಒಬ್ಬ ಅಜ್ಜಿ ಎದ್ದು, ಡೈರಿ ತಿರುವಿನ ಕಂಬ, ಅದರ ಪಕ್ಕದ ಬಾಯಿಬಿಟ್ಟ ಚರಂಡಿ, ಅಲ್ಲಿ ಬಿದ್ದ ಮೊಮ್ಮಗ, ಎಲ್ಲಾ ತೆಲುಗಿನಲ್ಲಿ ಹೇಳುತ್ತಾಳೆ. ಪುಸ್ತಕದಲ್ಲಿ ‘ಬೀದಿ ದೀಪ ಅಳವಡಿಕೆ’ ಅಂತ ಮೂರೇ ಪದ ಬೀಳುತ್ತವೆ. ಆಮೇಲೆ ಆ ದೀಪ ಯಾರ ಮನೆ ಮುಂದೆ ಬೇಕಾದರೂ ಉರಿಯಬಹುದು. ಕನ್ನಡ ನನಗೆ ಪ್ರಾಣ. ಆದರೆ ಆ ಅಜ್ಜಿಯ ಮಾತು ಪೂರ್ತಿ ಇಳಿಯದ ಕನ್ನಡ ನಡಾವಳಿ ನಮ್ಮೂರಿಗೆ ಬೇಡ.

ಆದ್ದರಿಂದ ಸಭೆ ಮುಗಿಯುವ ಮೊದಲು ನಡಾವಳಿಯನ್ನು ಓದಿಸಿ, ತೆಲುಗಿನಲ್ಲೂ ಹೇಳಿಸಿ. ಯಾವ ಕಂಬ, ಯಾವ ತಿರುವು, ಚಪ್ಪಡಿ ಎಷ್ಟು ಅಡಿ ಅಂತ ಬರೆದಿದ್ದಾರಾ ನೋಡಿ. ಸಹಿ ಹಾಕುವುದು ಅದಾದ ಮೇಲೆ. ಕ್ರಿಯಾ ಯೋಜನೆ ಆದಾಗ ಅದರ ಒಂದು ಪ್ರತಿ ಕೇಳಿ ತೆಗೆದುಕೊಂಡು ಡೈರಿ ಗೋಡೆಗೆ ಅಂಟಿಸಿ. ಹಾಲು ಹಾಕಲು ದಿನಾ ಎರಡು ಸಲ ಬರುವವರು ಅದನ್ನು ಓದುತ್ತಾರೆ.